ಇಲಿ ಜ್ವರ ಬಂದ ನಾಯಿಯ ಮೂತ್ರ: ಪೈಪ್ ಬಿಡಿ, ಬಟ್ಟೆ ಹಿಡಿಯಿರಿ

ನಾಯಿಗೆ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಎಂದು ಡಾಕ್ಟರು ಹೇಳಿದ ಕೂಡಲೇ ಮನೆಯವರು ಪೈಪ್ ಹಿಡಿದು ಜಗಲಿ ತೊಳೆಯಲು ನಿಲ್ಲುತ್ತಾರೆ. ನಮ್ಮನೆಯಲ್ಲೂ ಅದೇ ಆಗಿತ್ತು. ಅಲ್ಲೇ ತಪ್ಪುವುದು. ರೋಗಾಣು ಇರುವುದು ಮೂತ್ರದಲ್ಲಿ. ಪೈಪಿನ ರಭಸಕ್ಕೆ ಆ ಹನಿ ಕಣ್ಣಿಗೆ, ಬಾಯಿಗೆ, ಹಿಮ್ಮಡಿಯ ಬಿರುಕಿಗೆ ಸಿಡಿಯುತ್ತದೆ. ನಮಗೂ ಅಂಟುವ ಕಾಯಿಲೆ ಇದು.

ಮೊದಲು ರಬ್ಬರ್ ಗ್ಲೌಸ್, ಗಂಬೂಟು ಹಾಕಿಕೊಳ್ಳಿ. ಬರಿಗಾಲು ಬೇಡವೇ ಬೇಡ.

ಆಮೇಲೆ ಹಳೇ ಪೇಪರ್ ಇಲ್ಲವೇ ಬಟ್ಟೆಯನ್ನು ಮೂತ್ರದ ಮೇಲೆ ಹಾಸಿ, ಸುಮ್ನೆ ಒತ್ತಿ. ಉಜ್ಜಿದರೆ ಹರಡುತ್ತದೆ. ಪೂರ್ತಿ ಹೀರಿದ ಮೇಲೆ ಅದನ್ನು ಕವರಿಗೆ ಹಾಕಿ ಗಂಟು ಕಟ್ಟಿ. ನೆಲಕ್ಕೆ ಒಮ್ಮೆ ಸೋಪಿನ ನೀರು ಹಚ್ಚಿ ಒರೆಸಿ. ಕೊಳೆ ಉಳಿದರೆ ಬ್ಲೀಚ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಈಗ 1 ಲೋಟ ದ್ರವ ಬ್ಲೀಚ್‌ಗೆ (ಪುಡಿ ಅಲ್ಲ) 10 ಲೋಟ ನೀರು ಬೆರೆಸಿ ಸುರಿಯಿರಿ. 10 ನಿಮಿಷ ಕಾಯಿರಿ. ಎಲ್ಲರೂ ಎಡವುವುದು ಇಲ್ಲೇ. ಸುರಿದ ಮರುಕ್ಷಣವೇ ಒರೆಸಿಬಿಡುತ್ತಾರೆ! ಕೊನೆಗೆ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಈ ರೋಗಾಣು ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಒಣಗಿದರೆ ಸಾಯುತ್ತದೆ.

ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಬೆರೆಸುವ ಜಾಣತನ ಬೇಡ, ಏಳುವುದು ವಿಷದ ಗಾಳಿ. ಬೆಕ್ಕಿರುವ ಮನೆಗೆ ಕರಿ ಫಿನಾಯಿಲ್ ತರಲೇಬೇಡಿ. ಕಾಲು ನೆಕ್ಕಿಕೊಂಡರೆ ಅದರ ಮೈಗೆ ವಿಷವಾಗುತ್ತದೆ.

ಮಾತ್ರೆಯ ವಿಷಯ. ನಾಲ್ಕನೇ ದಿನ ನಾಯಿ ಅನ್ನ ತಿಂದಿತು ಅಂತ ಡಾಕ್ಸಿಸೈಕ್ಲಿನ್ ನಿಲ್ಲಿಸುವವರೇ ಜಾಸ್ತಿ. ಸಾಮಾನ್ಯವಾಗಿ 2 ವಾರ ಬೇಕು. ನಡುವೆ ನಿಲ್ಲಿಸಿದರೆ ರೋಗಾಣು ಕಿಡ್ನಿಯಲ್ಲಿ ಅಡಗಿ ಕೂತು ಮೂತ್ರದಲ್ಲಿ ಬರುತ್ತಲೇ ಇರುತ್ತದೆ. ಮಾತ್ರೆ ಪೂರ್ತಿ ಮುಗಿಯುವವರೆಗೆ ನಾಯಿಯನ್ನು ಬಾವಿಕಟ್ಟೆ, ತೋಟದ ಕಾಲುವೆ ಹತ್ತಿರ ಬಿಡಬೇಡಿ. ಬಿಸಿಲು ಬೀಳುವ ಒಂದೇ ಜಾಗಕ್ಕೆ ಕರೆದೊಯ್ಯಿರಿ.

ಬೆಕ್ಕು ಇದರಿಂದ ಹಾಸಿಗೆ ಹಿಡಿಯುವುದು ಅಪರೂಪ. ಆದರೆ ಇಲಿ ತಿಂದ ಬೆಕ್ಕಿನ ಮೂತ್ರದಲ್ಲೂ ರೋಗಾಣು ಇರಬಹುದು. ಅದರ ಮರಳಿನ ಟ್ರೇಗೂ ಗ್ಲೌಸ್ ಬೇಕು.

ಮನೆಯಲ್ಲಿ ಬೇರೆ ನಾಯಿ ಇದೆಯಾ? ಲಸಿಕೆ ಪುಸ್ತಕ ತೆಗೆದು ಸ್ಟಿಕ್ಕರ್ ನೋಡಿ. ‘ಲೆಪ್ಟೊ’ ಎಂದೋ ಬರೀ ‘ಎಲ್’ ಎಂದೋ ಇರಬೇಕು. ಎಲ್ಲ ಲಸಿಕೆಯಲ್ಲೂ ಅದು ಇರುವುದಿಲ್ಲ. ಮೊದಲ ಸಲ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು.

ಈ ನಡುವೆ ಮನೆಯಲ್ಲಿ ಯಾರಿಗಾದರೂ ಜ್ವರ, ಮೀನಖಂಡ ನೋವು ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ನಾಯಿಗೆ ಇಲಿ ಜ್ವರ ಬಂದಿದೆ ಎಂದು ಮೊದಲೇ ಹೇಳಿ. ಡಾಕ್ಟರು ಅದನ್ನು ತಾವಾಗಿ ಕೇಳದೇ ಇರಬಹುದು.