ಗೆಳತಿಯ ಜೊತೆ ಅಂಡಮಾನಿಗೆ: ಎರಡು ದ್ವೀಪ, ಅವಸರವಿಲ್ಲದ ಒಂದು ವಾರ

ಅಂಡಮಾನಿಗೆ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ಸೆಲ್ಯುಲಾರ್ ಜೈಲು, ರಾಸ್ ದ್ವೀಪ, ನಾರ್ತ್ ಬೇ, ಬಾರಾಟಾಂಗ್, ಹ್ಯಾವ್ಲಾಕ್, ನೀಲ್. ಎಲ್ಲವೂ ಐದು ರಾತ್ರಿಯಲ್ಲಿ ಮುಗಿಯಬೇಕು. ವರ್ಷವಿಡೀ ಗಂಟೆ ಹೊಡೆದ ಹಾಗೆ ಬದುಕುವ ಇಬ್ಬರು ಗೆಳತಿಯರಿಗೆ ಈ ಪಟ್ಟಿ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಕುಂದಾಪುರದ ಕೋಡಿಯವಳು, ಬೆಂಗಳೂರಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ನನ್ನ ಗೆಳತಿ ಶಿವಮೊಗ್ಗದವಳು, ಬ್ಯಾಂಕಿನಲ್ಲಿದ್ದಾಳೆ. ನನಗೆ ಈಜು ಬರುತ್ತದೆ, ಮೀನು ಬೇಕು. ಅವಳಿಗೆ ಎರಡೂ ಇಲ್ಲ. ಆದರೂ ನಮ್ಮಿಬ್ಬರಿಗೂ ಒಪ್ಪುವ ರಜೆಯೊಂದು ಅಲ್ಲಿದೆ. ಅದನ್ನು ಹೇಗೆ ಹೊಂದಿಸಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ದ್ವೀಪ ಎರಡೇ ಸಾಕು, ಹ್ಯಾವ್ಲಾಕ್ ಮತ್ತು ನೀಲ್. 2018ರ ಡಿಸೆಂಬರಿನಲ್ಲಿ ಹ್ಯಾವ್ಲಾಕಿಗೆ ಸ್ವರಾಜ್ ದ್ವೀಪ್ ಎಂದೂ ನೀಲ್‌ಗೆ ಶಹೀದ್ ದ್ವೀಪ್ ಎಂದೂ ಹೆಸರಿಟ್ಟರು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಮೇಲೆ ಹೊಸ ಹೆಸರು, ಆಟೋದವರ ಬಾಯಲ್ಲಿ ಹಳೆಯದು ಇರಬಹುದು, ಗಾಬರಿಯಾಗಬೇಡಿ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ಆಮೇಲೆ ಮೂರು ರಾತ್ರಿ ಹ್ಯಾವ್ಲಾಕ್, ಎರಡು ರಾತ್ರಿ ನೀಲ್, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಆ ಕೊನೆಯ ರಾತ್ರಿಯನ್ನು ಮಾತ್ರ ಯಾರು ಹೇಳಿದರೂ ಕತ್ತರಿಸಬೇಡಿ. ಗಾಳಿ ಎದ್ದರೆ ಹಡಗು ಹೊರಡುವುದಿಲ್ಲ. ದ್ವೀಪದಿಂದ ಬೆಳಿಗ್ಗೆ ಹೊರಟು ಅದೇ ದಿನ ವಿಮಾನ ಹಿಡಿಯುವ ಲೆಕ್ಕ ಹಾಕಿದರೆ, ಹಿಂದಿನ ಎರಡು ದಿನವೂ ಆಕಾಶ ನೋಡುವುದರಲ್ಲೇ ಕಳೆಯುತ್ತದೆ.

ದಿನ ಆರಿಸುವಾಗ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಇಳಿಸಿಕೊಳ್ಳಿ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತ. ಮೇ ತಿಂಗಳಲ್ಲಿ ಮುಂಗಾರು ಹಿಡಿಯುತ್ತದೆ, ಅಕ್ಟೋಬರ್–ನವೆಂಬರಿನಲ್ಲಿ ಹಿಂಗಾರು ಮತ್ತು ಚಂಡಮಾರುತದ ಭಯ. ಕ್ರಿಸ್‌ಮಸ್, ಹೊಸ ವರ್ಷದ ಜನಜಂಗುಳಿ ಕರಗಿದ ಮೇಲಿನ ಫೆಬ್ರವರಿ ನನಗೆ ಎಲ್ಲಕ್ಕಿಂತ ಇಷ್ಟ. ಆಮೇಲೆ ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ದೊಡ್ಡದು, ಇಳಿತವೂ ದೊಡ್ಡದು, ನೀರು ಬಹಳ ದೂರ ಸರಿದು ಹವಳದ ಬಂಡೆಗಳು ಮೇಲೆ ಕಾಣುತ್ತವೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ಹುಣ್ಣಿಮೆಗೆ ಹೋದರೆ ಬೆಳದಿಂಗಳಲ್ಲಿ ಮರಳಿನ ಮೇಲೆ ಕೂರಬಹುದು. ಅಮಾವಾಸ್ಯೆಗೆ ಹೋದರೆ ಕತ್ತಲಲ್ಲಿ ನೀರು ಕಲಕಿದಾಗ ಸೂಕ್ಷ್ಮಜೀವಿಗಳ ನೀಲಿ ಮಿಣುಕು ಕಂಡೀತು, ಅದನ್ನು ತೋರಿಸಲು ಹ್ಯಾವ್ಲಾಕಿನಲ್ಲಿ ರಾತ್ರಿ ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಯಾವುದು ಬೇಕು ಎಂದು ಇಬ್ಬರೂ ಕೂತು ತೀರ್ಮಾನಿಸಿ.

ಹಾಗೆ ಕೂತಾಗಲೇ ಉಳಿದ ಮಾತುಗಳನ್ನೂ ಆಡಿ ಮುಗಿಸಿ. ಯಾರು ಬೇಗ ಏಳುತ್ತಾರೆ, ಫ್ಯಾನ್ ಬೇಕೋ ಏಸಿಯೋ, ಮಲಗುವಾಗ ಫೋನಿನಲ್ಲಿ ಹಾಡು ಹಾಕುವ ಅಭ್ಯಾಸ ಯಾರಿಗಿದೆ, ಮನೆಗೆ ದಿನಕ್ಕೆ ಎಷ್ಟು ಸಲ ಫೋನ್ ಮಾಡಬೇಕು, ರೂಮಿಗೆ ಹೆಚ್ಚೆಂದರೆ ಎಷ್ಟು ಕೊಡಬಹುದು. ಇಪ್ಪತ್ತು ವರ್ಷದ ಗೆಳೆತನದಲ್ಲೂ ಇವು ಗೊತ್ತಿರುವುದಿಲ್ಲ, ಏಕೆಂದರೆ ನಮ್ಮ ಗೆಳೆತನಗಳೆಲ್ಲ ಹಗಲಿನವು, ಸಂಜೆಯಾದರೆ ಇಬ್ಬರೂ ಅವರವರ ಮನೆಗೆ. ರೂಮು ಕಾದಿರಿಸುವಾಗ ಬೇರೆ ಬೇರೆ ಎರಡು ಮಂಚ ಬೇಕು ಎಂದು ಬಿಡಿಸಿ ಹೇಳಿ, ಇಲ್ಲದಿದ್ದರೆ ಒಂದೇ ದೊಡ್ಡ ಮಂಚದ ಕೋಣೆ ಕೊಟ್ಟುಬಿಡುತ್ತಾರೆ. ದುಡ್ಡಿಗೆ ಒಂದೇ ಪರ್ಸ್ ಇಟ್ಟುಕೊಳ್ಳಿ. ಇಬ್ಬರೂ ಸಮನಾಗಿ ಹಾಕಬೇಕು, ಊಟ, ಆಟೋ, ಎಳನೀರು ಎಲ್ಲ ಅದರಿಂದಲೇ. ಮುಗಿದಾಗ ಮತ್ತೆ ಸಮನಾಗಿ ಹಾಕಿ. ನನ್ನ ಮೀನಿನ ಬೆಲೆ ಅವಳ ಪಾಲಿನ ದುಡ್ಡಿನಿಂದ ಹೋಗಬಾರದಲ್ಲ, ಅದನ್ನು ನಾನೇ ಕೊಡುತ್ತೇನೆ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಂಟರ್‌ನೆಟ್ ಎಷ್ಟೋ ಸುಧಾರಿಸಿದೆ. ಆದರೂ ದ್ವೀಪಗಳಲ್ಲಿ ಫೋನಿನಿಂದ ದುಡ್ಡು ಕಟ್ಟುವುದನ್ನೇ ನಂಬಿ ಹೋಗಬೇಡಿ, ಪೋರ್ಟ್ ಬ್ಲೇರಿನಲ್ಲೇ ನಗದು ತೆಗೆದಿಟ್ಟುಕೊಳ್ಳಿ.

ಬೆಂಗಳೂರಿನಿಂದ ನೇರ ವಿಮಾನಕ್ಕೆ ಸುಮಾರು ಎರಡೂವರೆ ಗಂಟೆ. ಈ ದ್ವೀಪಗಳಿಗೆ ಭಾರತೀಯರಿಗೆ ಪರವಾನಗಿ ಬೇಡ, ಆದರೆ ಹಡಗಿನ ಟಿಕೆಟಿನಲ್ಲಿ ಕೊಟ್ಟ ಗುರುತಿನ ಚೀಟಿಯನ್ನೇ ಕೈಯಲ್ಲಿಟ್ಟುಕೊಂಡಿರಿ. ಹ್ಯಾವ್ಲಾಕಿಗೆ ಖಾಸಗಿ ವೇಗದ ಹಡಗಿನಲ್ಲಿ ಒಂದೂವರೆ ಗಂಟೆ, ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುವ ಸರ್ಕಾರಿ ಹಡಗಿನಲ್ಲಿ ಎರಡು, ಎರಡೂವರೆ ಗಂಟೆ. ವೇಗದವುಗಳಲ್ಲಿ ಹೆಚ್ಚಿನವು ಗಾಜು ಮುಚ್ಚಿದ ಏಸಿ ಕೋಣೆಗಳು. ಹೊಟ್ಟೆ ತೊಳೆಸುವವರಿಗೆ ಗಾಳಿ ಬಡಿಯುವ ಜಾಗ, ದೂರದ ದಿಗಂತದ ಮೇಲೆ ಕಣ್ಣು, ಇವೆರಡು ಒಳ್ಳೆಯ ಮದ್ದು. ಹಾಗಾಗಿ ಡೆಕ್ಕಿನ ಮೇಲೆ ನಿಲ್ಲಲು ಬಿಡುವ ಹಡಗನ್ನೇ ಹುಡುಕಿ. ಬೆಳಗಿನ ಹಡಗಿಗೆ ಹೊಟ್ಟೆ ಬಿರಿಯ ತಿನ್ನದೆ, ಖಾಲಿಯೂ ಬಿಡದೆ ಎರಡು ಇಡ್ಲಿ ತಿಂದು ಹತ್ತಿ.

ಈಗ ಮುಖ್ಯ ವಿಷಯ, ಸೂರ್ಯ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ಓಡುತ್ತದೆ. ಹ್ಯಾವ್ಲಾಕ್ ಇರುವುದು ಹೆಚ್ಚುಕಡಿಮೆ 93 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಅಂದರೆ ಸೂರ್ಯ ಅಲ್ಲಿ ಗಡಿಯಾರಕ್ಕಿಂತ ನಲವತ್ತು ನಿಮಿಷ ಮುಂದೆ. ಬೆಂಗಳೂರು 77.6ರಲ್ಲಿರುವುದರಿಂದ ನಮ್ಮ ಕಣ್ಣಿಗೆ ಆ ವ್ಯತ್ಯಾಸ ಒಂದು ಗಂಟೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಫೆಬ್ರವರಿಯಲ್ಲಿ ಐದೂವರೆಯ ಹೊತ್ತಿಗೆ. ಬೆಂಗಳೂರಿನ ಅಭ್ಯಾಸದಂತೆ ಒಂಬತ್ತಕ್ಕೆ ತಿಂಡಿ, ಎರಡಕ್ಕೆ ಊಟ, ನಾಲ್ಕೂವರೆಗೆ ಬೀಚು ಎಂದುಕೊಂಡರೆ ಪ್ರತಿದಿನ ಬೇಗನೆ ಕತ್ತಲಾಗಿಬಿಡುತ್ತದೆ. ಐದೂವರೆಗೆ ಎದ್ದು ಮರಳಿಗಿಳಿಯಿರಿ, ಹನ್ನೆರಡಕ್ಕೆ ಊಟ ಮಾಡಿ, ಒಂದು ನಿದ್ದೆ ತೆಗೆಯಿರಿ, ಮೂರಕ್ಕೆ ಮತ್ತೆ ಹೊರಡಿ, ಏಳಕ್ಕೆ ರಾತ್ರಿಯೂಟ, ಒಂಬತ್ತಕ್ಕೆ ಹಾಸಿಗೆ. ಎರಡೇ ದಿನದಲ್ಲಿ ಮೈ ಅದಕ್ಕೆ ಹೊಂದಿಕೊಳ್ಳುತ್ತದೆ. ನಡುಹಗಲ ಆ ನಿದ್ದೆಗೆ ಯಾವ ಪ್ಯಾಕೇಜಿನಲ್ಲೂ ಜಾಗವಿರುವುದಿಲ್ಲ, ಅದನ್ನು ನೀವೇ ಕಾಯ್ದುಕೊಳ್ಳಬೇಕು.

ಹ್ಯಾವ್ಲಾಕಿನ ಬೀಚುಗಳನ್ನು ದಿಕ್ಕಿನ ಪ್ರಕಾರ ಹಂಚಿಕೊಳ್ಳಿ. ವಿಜಯನಗರ ಮತ್ತು ಕಾಲಾಪತ್ಥರ್ ಪೂರ್ವಕ್ಕೆ ಮುಖಮಾಡಿವೆ, ಬೆಳಗಿಗೆ ಅವು. ರಾಧಾನಗರ ಪಶ್ಚಿಮಕ್ಕೆ, ಸಂಜೆಗೆ ಅದು. ಉಳಿಯುವ ಜಾಗವನ್ನು ವಿಜಯನಗರದ ಕಡೆ ಹಿಡಿದರೆ ಬೆಳಿಗ್ಗೆ ಚಪ್ಪಲಿ ಮೆಟ್ಟಿ ನಡೆದೇ ನೀರಿಗಿಳಿಯಬಹುದು. ಗೋವಿಂದನಗರದ ಮಾರುಕಟ್ಟೆಯೂ ಹತ್ತಿರ. ಇಳಿತದ ಹೊತ್ತಿನಲ್ಲಿ ವಿಜಯನಗರದಲ್ಲಿ ಈಜಲು ನೀರೇ ಸಾಲದು, ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಸಮುದ್ರಸೌತೆ ಎಂಬ ಸೌತೆಕಾಯಿಯಾಕಾರದ ಜೀವಿ ನೋಡುತ್ತ ಕುಕ್ಕರಗಾಲಿನಲ್ಲಿ ಕೂರುವುದಕ್ಕೆ ಅದು ಒಳ್ಳೆಯ ಹೊತ್ತು. ಈಜಬೇಕಾದರೆ ಭರತದ ಸಮಯವನ್ನು ಹಿಂದಿನ ರಾತ್ರಿಯೇ ಹೋಟೆಲಿನವರಲ್ಲಿ ಕೇಳಿಕೊಳ್ಳಿ. ದಿನಕ್ಕೆ ಸುಮಾರು ಐವತ್ತು ನಿಮಿಷ ಅದು ಮುಂದಕ್ಕೆ ಹೋಗುತ್ತದೆ, ಒಂದು ದಿನದ್ದು ಗೊತ್ತಾದರೆ ಮರುದಿನದ್ದು ನೀವೇ ಹೇಳಬಹುದು.

ರಾಧಾನಗರ ಜೆಟ್ಟಿಯಿಂದ 12 ಕಿಲೋಮೀಟರ್. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಬೀಚು ಎಂದಿತ್ತು, 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಬಂತು. ನಮ್ಮ ಪಡುವಣ ಕರಾವಳಿಯಲ್ಲಿ ಬೆಳೆದವರಿಗೆ ಅಲ್ಲಿ ಮೊದಲು ತಟ್ಟುವುದು ಕಾಡು. ಮರವಂತೆಯಲ್ಲಿ ಸಮುದ್ರದ ಬೆನ್ನಿಗೆ ಹೆದ್ದಾರಿ, ಲಾರಿ. ಇಲ್ಲಿ ಬಿಳಿ ಮರಳು ಮುಗಿಯುತ್ತಲೇ ಆಕಾಶಕ್ಕೆ ನಿಂತ ಹೆಮ್ಮರಗಳು, ಅವುಗಳ ನೆರಳು ಬೀಚಿನ ಮೇಲೇ ಚಾಚಿರುತ್ತದೆ. ಮೂರು ಗಂಟೆಗೆ ಹೋಗಿ ಆ ನೆರಳಲ್ಲಿ ಒಂದು ಹಳೇ ಸೀರೆ ಹಾಸಿ. ಬೀಚ್ ಟವೆಲಿಗಿಂತ ಹಳೇ ಹತ್ತಿ ಸೀರೆ ಎಷ್ಟೋ ಮೇಲು: ಇಬ್ಬರು ಮಲಗಬಹುದು, ಮರಳು ಹಿಡಿಯುವುದಿಲ್ಲ, ಒದ್ದೆಯಾದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಬಟ್ಟೆ ಬದಲಿಸಲು ಮರೆಯೂ ಆಗುತ್ತದೆ.

ಗೆಳತಿಗೆ ಈಜು ಬಾರದಿದ್ದರೆ ಕಾವಲಿನವರು ಗುರುತು ಹಾಕಿದ ಜಾಗದಲ್ಲಿ, ಸೊಂಟದ ನೀರಿನವರೆಗೆ ಮಾತ್ರ. ಮೊಣಕಾಲಿನ ನೀರಲ್ಲಿ ಇಬ್ಬರೂ ಕೂತು ಅಲೆ ಬಂದಾಗ ಮೈ ಸಡಿಲ ಬಿಡುವುದರಿಂದ ಶುರುಮಾಡಿ. ಕೈ ಹಿಡಿದಿರಿ, ಎಳೆಯಬೇಡಿ. ಭಯ ಹೋಗಲು ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೀವೂ ಅಲ್ಲೇ ಇರಿ, ನಿಮ್ಮ ಈಜು ಬೆಳಗಿಗೆ ಇದ್ದೇ ಇದೆ. ಈಜು ಬಲ್ಲವರಿಗೂ ಒಂದು ಮಾತು. ಸೆಳೆತ ಹಿಡಿದು ಆಳಕ್ಕೆ ಒಯ್ದರೆ ದಡದ ಕಡೆಗೆ ಸೆಣಸಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಿ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕ ಇರುವಲ್ಲಿ, ತೊರೆ ಬಂದು ಸೇರುವಲ್ಲಿ, ಮುಸ್ಸಂಜೆಯ ನಂತರ ಎಲ್ಲಿಯೂ ನೀರಿಗಿಳಿಯಬೇಡಿ. 2010ರಲ್ಲಿ ಹ್ಯಾವ್ಲಾಕಿನಲ್ಲೇ ಅಮೆರಿಕದ ಪ್ರವಾಸಿಯೊಬ್ಬರನ್ನು ಮೊಸಳೆ ಬಲಿ ತೆಗೆದುಕೊಂಡಿದೆ. ಸಂಜೆಯ ಇನ್ನೊಂದು ಕಾಟ ಮರಳುನೊಣ. ಕಣ್ಣಿಗೆ ಕಾಣದಷ್ಟು ಸಣ್ಣದು, ತುರಿಕೆ ಮಾತ್ರ ವಾರಗಟ್ಟಲೆ. ಬೆಳಕು ಕುಂದುತ್ತಲೇ ಪಾದದವರೆಗಿನ ಪ್ಯಾಂಟು ಹಾಕಿ, ಬರಿ ಮರಳ ಮೇಲೆ ಮಲಗಬೇಡಿ.

ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿಗೆ ಇಳಿಯುವ ಸ್ಕೂಬಾ ಮಾಡಲು ಒಬ್ಬರಿಗೆ ಆಸೆಯಿದ್ದರೆ ಇನ್ನೊಬ್ಬರನ್ನು ಬಲವಂತ ಮಾಡಬೇಡಿ. ಹೊಸಬರನ್ನು ಬೋಧಕರು ಹೆಚ್ಚೆಂದರೆ 12 ಮೀಟರ್ ಆಳಕ್ಕೆ ಒಯ್ಯುತ್ತಾರೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮುಂಚೆ ಒಂದು ಇಡೀ ದಿನದ ಅಂತರವಿರಲಿ. ನೀರಿನೊತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೈಯಿಂದ ಹೊರಹೋಗಲು ಸಮಯ ಬೇಕು, ಅದಕ್ಕೇ ಡೈವನ್ನು ಹ್ಯಾವ್ಲಾಕಿನ ಮೊದಲ ದಿನಗಳಲ್ಲೇ ಮುಗಿಸಿ. ಆ ಬೆಳಿಗ್ಗೆ ಇನ್ನೊಬ್ಬರು ಒಂಟಿಯಾಗಿರಲಿ. ದಿನಕ್ಕೆರಡು ಗಂಟೆ ಇಬ್ಬರೂ ಬೇರೆಯಾಗಿರುವುದನ್ನು ಒಪ್ಪಂದವಾಗಿಯೇ ಮಾಡಿಕೊಳ್ಳಿ. ಅವಳು ಪುಸ್ತಕ ಹಿಡಿದು ಒಂದು ಮರದ ಕೆಳಗೆ, ನಾನು ದಡದುದ್ದಕ್ಕೂ ನಡಿಗೆ. ಊಟಕ್ಕೆ ಸೇರಿದಾಗ ಇಬ್ಬರ ಹತ್ತಿರವೂ ಹೇಳುವುದು ಏನಾದರೂ ಇರುತ್ತದೆ.

ಬಾರಾಟಾಂಗ್ ದ್ವೀಪ ಬೇಡ ಅನ್ನುವುದಕ್ಕೆ ನನ್ನ ಕಾರಣ ಎರಡು. ನಡುರಾತ್ರಿ ಎದ್ದು ವಾಹನಗಳ ಸಾಲಿನಲ್ಲಿ ಕಾಯಬೇಕು. ಅದಕ್ಕಿಂತ ಮುಖ್ಯ, ಅಲ್ಲಿಗೆ ಹೋಗುವ ರಸ್ತೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ನಡುವೆ ಹಾದುಹೋಗುತ್ತದೆ. ಅವರ ಮನೆಯಂಗಳದಲ್ಲಿ ನಾವು ಕಾರಿನ ಗಾಜಿನಿಂದ ಇಣುಕುತ್ತ ಸಾಗುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ನೀಲ್ ಇನ್ನೂ ಚಿಕ್ಕದು, ಇನ್ನೂ ನಿಧಾನ. ಜೆಟ್ಟಿಯಿಂದ ಸೀತಾಪುರದ ಬೀಚಿಗೆ ಐದು ಕಿಲೋಮೀಟರಿನಷ್ಟು, ಬಾಡಿಗೆ ಸೈಕಲ್ ಸಾಕು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಯೂರಿದ ಊರಿದು. ರಾಮನಗರ, ಭರತಪುರ, ಲಕ್ಷ್ಮಣಪುರ, ಸೀತಾಪುರ ಎಂದು ಹಳ್ಳಿಗಳಿಗೆ ರಾಮಾಯಣದ ಹೆಸರುಗಳು. ಸುತ್ತಲಿನ ದ್ವೀಪಗಳಿಗೆ ತರಕಾರಿ ಹೋಗುವುದು ಇಲ್ಲಿಂದಲೇ, ಹಾಗಾಗಿ ಸಸ್ಯಾಹಾರಿಗಳಿಗೆ ಇಲ್ಲಿ ಹಬ್ಬ. ಜೆಟ್ಟಿಯ ಹತ್ತಿರದ ಸಣ್ಣ ಹೋಟೆಲುಗಳಲ್ಲಿ ಅನ್ನ, ದಾಲ್, ಬದನೆ ಕರಿದದ್ದು, ಸೊಪ್ಪಿನ ಪಲ್ಯ. ಮೀನು ತಿನ್ನುವವರು ಸುರಮೈ ಕೇಳಿ, ನಮ್ಮ ಅಂಜಲ್ ಅದೇ, ಆದರೆ ಸಾಸಿವೆಯ ಗಸಿಯಲ್ಲಿ ಬರುತ್ತದೆ. ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಎಂದು ಗೆಳತಿಯ ಪರವಾಗಿ ನೀವೇ ಹಿಂದಿಯಲ್ಲಿ ಮೊದಲೇ ಕೇಳಿ, ಅವಳು ಪ್ರತಿ ಊಟಕ್ಕೂ ಸಂಕೋಚಪಡುವ ಹಾಗಾಗಬಾರದು.

ಸೂರ್ಯೋದಯಕ್ಕೆ ಸೀತಾಪುರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರದ ಮೊದಲ ಬೀಚು. ಎರಡನೆಯ ಲಕ್ಷ್ಮಣಪುರದಲ್ಲಿರುವ ಕಲ್ಲಿನ ಕಮಾನನ್ನು ಊರವರು ಹೌರಾ ಬ್ರಿಡ್ಜ್ ಅನ್ನುತ್ತಾರೆ. ಅಲ್ಲಿಗೆ ಹೋಗಲು ಇಳಿತವೇ ಬೇಕು, ಭರತದಲ್ಲಿ ದಾರಿ ಮುಳುಗಿರುತ್ತದೆ. ಹಿಡಿತವಿರುವ, ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿ, ಬಂಡೆ ಚೂಪು, ಪಾಚಿ ಜಾರುತ್ತದೆ. ಕಾಲಿಡುವ ಮುನ್ನ ಅದು ಕಲ್ಲೋ ಹವಳವೋ ನೋಡಿ. ಹವಳಕ್ಕೆ ಜೀವವಿದೆ, ಅನೇಕ ಜಾತಿಗಳು ವರ್ಷಕ್ಕೆ ಬೆಳೆಯುವುದು ಒಂದೆರಡು ಸೆಂಟಿಮೀಟರಿಗಿಂತ ಕಡಿಮೆ. ಭರತಪುರದಲ್ಲಿ ಮುಖವಾಡ ಹಾಕಿ ಹವಳ ನೋಡುವಾಗಲೂ ನಿಲ್ಲಬೇಕೆನಿಸಿದರೆ ಮರಳ ಮೇಲೆ ಮಾತ್ರ ನಿಲ್ಲಿ. ಬಿಸಿಲಿಗೆ ಕ್ರೀಮಿಗಿಂತ ತುಂಬುತೋಳಿನ ಈಜುಡುಗೆ ಮೇಲು, ನಿಮ್ಮ ಬೆನ್ನಿಗೂ ಆ ನೀರಿಗೂ.

ವಾಪಸಾಗುವ ಹಿಂದಿನ ದಿನ ಪೋರ್ಟ್ ಬ್ಲೇರಿನಲ್ಲಿ ಸೆಲ್ಯುಲಾರ್ ಜೈಲಿಗೆ ಮಾತ್ರ ಹೋಗಿ, ಬೇರೇನೂ ಅದೇ ದಿನ ಇಟ್ಟುಕೊಳ್ಳಬೇಡಿ. 1906ರಲ್ಲಿ ಮುಗಿದ ಆ ಕಟ್ಟಡಕ್ಕೆ ಏಳು ಬಾಹುಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಕೋಣೆಯೊಳಗೆ ಸ್ವಲ್ಪ ಹೊತ್ತು ನಿಂತು ನೋಡಿ.

ರಾತ್ರಿ ಚೀಲ ಕಟ್ಟುವಾಗ ಎಲ್ಲ ಜೇಬುಗಳನ್ನೂ ಕೊಡವಿ. ಚಿಪ್ಪು, ಹವಳದ ಚೂರು ಒಂದೂ ಇರಬಾರದು, ಸತ್ತ ಹವಳವನ್ನು ಒಯ್ಯುವುದೂ ವನ್ಯಜೀವಿ ಕಾಯ್ದೆಯಡಿ ಅಪರಾಧ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಆಗಿಯೇ ಆಗುತ್ತದೆ. ಒದ್ದೆ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಚೀಲ ಮಾಡಿ. ಪರ್ಸಿನಲ್ಲಿ ಉಳಿದ ದುಡ್ಡನ್ನು ಅಲ್ಲೇ ಮಂಚದ ಮೇಲೆ ಸುರಿದು ಎಣಿಸಿ, ಅರ್ಧರ್ಧ ಹಂಚಿಕೊಂಡು ಮಲಗಿ.