ಒಂದು ವೃತ್ತ, ಒಂದು ಗೆರೆ: ತ್ರಿಕೋನಮಿತಿಯ ಸಮೀಕರಣ ಬಿಡಿಸುವುದು ಹೀಗೆ

ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್ ಎಂದು ಎಸ್ಸೆಸ್ಸೆಲ್ಸಿಯಲ್ಲಿ ಕಲಿತವರ ಮುಂದೆ ಪಿಯುಸಿಯಲ್ಲಿ ಸೈನ್ 150° ಬಂದು ನಿಲ್ಲುತ್ತದೆ. ಲಂಬಕೋನ ತ್ರಿಭುಜದೊಳಗೆ 150° ಕೋನಕ್ಕೆ ಜಾಗವೇ ಇಲ್ಲ. ಬಹಳ ಮಂದಿ ಇಲ್ಲಿಂದ ಕೋಷ್ಟಕ ಉರು ಹೊಡೆಯಲು ಶುರು ಮಾಡುತ್ತಾರೆ. ಅದರ ಬದಲು ಗ್ರಾಫ್ ಹಾಳೆ, ಕೈವಾರ, ಕೋನಮಾಪಕ ಕೈಗೆತ್ತಿಕೊಳ್ಳಿ.

ಮೊದಲು ಎರಡು ಅಕ್ಷ ಎಳೆದು, ಮೂಲಬಿಂದುವಿನಲ್ಲಿ ಕೈವಾರದ ಮುಳ್ಳೂರಿ 5 ಸೆಂ.ಮೀ. ತ್ರಿಜ್ಯದ ವೃತ್ತ ಬರೆಯಿರಿ. ಆ 5 ಸೆಂ.ಮೀ.ಯನ್ನೇ 1 ಎಂದು ಎಣಿಸಿ. ಇದೇ ಏಕಮಾನ ವೃತ್ತ. ತ್ರಿಜ್ಯ 1 ಆದ ಮೇಲೆ ಭಾಗಾಕಾರದ ಗೊಡವೆಯೇ ಇಲ್ಲ. 499ರಲ್ಲಿ ಆರ್ಯಭಟೀಯ ರಚಿಸಿದ ಆರ್ಯಭಟ ಅರ್ಧಜ್ಯಾಗಳ (ವೃತ್ತದ ಜ್ಯಾದ ಅರ್ಧ, ನಮ್ಮ ಸೈನ್‌ನ ಹಳೆಯ ರೂಪ) ಪಟ್ಟಿಗೆ ಆಧಾರವಾಗಿಟ್ಟುಕೊಂಡ ತ್ರಿಜ್ಯ 3438; ಅವನ ಸಂಖ್ಯೆಗಳಿಂದ ನಮ್ಮ ಸೈನ್ ಪಡೆಯಲು 3438ರಿಂದ ಭಾಗಿಸಬೇಕು. ನಮಗೆ ಆ ಕೆಲಸ ತಪ್ಪಿತು.

ಬಲಗಡೆಯ ಅಕ್ಷದಿಂದ ಅಪ್ರದಕ್ಷಿಣವಾಗಿ 30° ಅಳೆದು ವೃತ್ತದ ಮೇಲೆ ಚುಕ್ಕೆ ಇಡಿ. ಅದರ ಎತ್ತರ ಅಳೆಯಿರಿ: 2.5 ಸೆಂ.ಮೀ., ಅಂದರೆ 1/2. ಅಡ್ಡ ದೂರ ಸುಮಾರು 4.3 ಸೆಂ.ಮೀ., ಅಂದರೆ ಸುಮಾರು 0.87. ಎತ್ತರವೇ ಸೈನ್, ಅಡ್ಡ ದೂರವೇ ಕಾಸ್. ಸರಿಯಾಗಿ ಅರ್ಧವೇ ಏಕೆ ಬಂತು? ಅಕ್ಷದ ಕೆಳಗೂ 30°ಗೆ ಇನ್ನೊಂದು ಚುಕ್ಕೆ ಇಟ್ಟು, ಎರಡನ್ನೂ ಕೇಂದ್ರಕ್ಕೆ ಮತ್ತು ಒಂದಕ್ಕೊಂದು ಸೇರಿಸಿ. ಮೂರೂ ಬಾಹು 1 ಇರುವ ಸಮಬಾಹು ತ್ರಿಭುಜ ಸಿಗುತ್ತದೆ. ನಿಮ್ಮ ಎತ್ತರ ಅದರ ಒಂದು ಬಾಹುವಿನ ಅರ್ಧ. ಪೈಥಾಗೊರಸ್ ಪ್ರಮೇಯ ಹಚ್ಚಿದರೆ ಅಡ್ಡ ದೂರ √3/2.

ಚುಕ್ಕೆ ಅಕ್ಷದಿಂದ ಕೆಳಗಿಳಿದರೆ ಸೈನ್ ಋಣ, ಎಡಕ್ಕೆ ದಾಟಿದರೆ ಕಾಸ್ ಋಣ. ಯಾವ ಚತುರ್ಥಕದಲ್ಲಿ (ಎರಡು ಅಕ್ಷಗಳು ಮಾಡುವ ನಾಲ್ಕು ಭಾಗಗಳಲ್ಲಿ ಒಂದು) ಯಾವುದು ಧನ ಎಂಬುದಕ್ಕೆ ಟ್ಯೂಷನ್‌ಗಳಲ್ಲಿ ಹೇಳಿಕೊಡುವ ಸೂತ್ರವಾಕ್ಯಗಳು ಪರೀಕ್ಷೆಯ ಗಡಿಬಿಡಿಯಲ್ಲಿ ಅದಲುಬದಲಾಗುತ್ತವೆ. ಚಿತ್ರ ಅದಲುಬದಲಾಗದು.

ಈಗ ಸಮೀಕರಣ: 2 ಸೈನ್ ಥೀಟಾ − 1 = 0. ಥೀಟಾ ಎಂದರೆ ನಾವು ಹುಡುಕುವ ಕೋನ; ಅದು 0°ಯಿಂದ 360°ಯೊಳಗಿರಲಿ, 360° ಸೇರುವುದು ಬೇಡ. ಸೈನ್ ಥೀಟಾ = 1/2 ಎಂದಾಯಿತು. 2.5 ಸೆಂ.ಮೀ. ಎತ್ತರದಲ್ಲಿ ಅಡ್ಡಗೆರೆ ಎಳೆಯಿರಿ. ಅದು ವೃತ್ತವನ್ನು ಎರಡು ಕಡೆ ಕತ್ತರಿಸುತ್ತದೆ: 30° ಮತ್ತು 150°. ಕ್ಯಾಲ್ಕುಲೇಟರ್ 30° ಒಂದನ್ನೇ ಹೇಳಿ ಸುಮ್ಮನಾಗುತ್ತದೆ, ಏಕೆಂದರೆ ವಿಲೋಮ ಸೈನ್ ಕೊಡುವ ಉತ್ತರ ಯಾವಾಗಲೂ −90° ಮತ್ತು 90°ಯ ನಡುವಿನದು. ಎರಡನೆಯದನ್ನು ಹುಡುಕುವ ಹೊಣೆ ನಿಮ್ಮದು. (ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ಎಂದೂ ನೋಡಿಕೊಳ್ಳಿ, ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ ಸೈನ್ 30ಕ್ಕೆ −0.988 ಎನ್ನುತ್ತದೆ.) ಕೋನಕ್ಕೆ ಮಿತಿ ಹಾಕಿರದಿದ್ದರೆ ಎರಡೂ ಉತ್ತರಗಳಿಗೆ 360°ಯ ಗುಣಕಗಳನ್ನು ಸೇರಿಸಿ: ಚುಕ್ಕೆ ಎಷ್ಟು ಸುತ್ತು ಹಾಕಿದರೂ ಅದೇ ಜಾಗಕ್ಕೆ ಬರುತ್ತದೆ.

ಕಾಸ್‌ಗೆ ಗೆರೆ ನೆಟ್ಟಗೆ ನಿಲ್ಲಬೇಕು. ಕಾಸ್ ಥೀಟಾ = −1/2 ಆದರೆ ಎಡಕ್ಕೆ 2.5 ಸೆಂ.ಮೀ. ದೂರದಲ್ಲಿ ಲಂಬ ಗೆರೆ. ಉತ್ತರ 120°, 240°. ಟ್ಯಾನ್ ಎಂದರೆ ಕೇಂದ್ರದ ಮೂಲಕ ಹಾಯುವ ಗೆರೆಯ ಓರೆ. ಟ್ಯಾನ್ ಥೀಟಾ = 1 ಎಂಬ ಗೆರೆ ವೃತ್ತವನ್ನು 45° ಮತ್ತು ನೇರ ಎದುರಿನ 225°ಯಲ್ಲಿ ಮುಟ್ಟುತ್ತದೆ. ಸೈನ್ ಥೀಟಾ = 3/2 ಎಂದು ಕೊಟ್ಟರೆ? ಗೆರೆ ವೃತ್ತವನ್ನು ಮುಟ್ಟದೆ ಮೇಲಿಂದಲೇ ಹಾದುಹೋಗುತ್ತದೆ. ಪರಿಹಾರವಿಲ್ಲ ಎಂದು ಧೈರ್ಯವಾಗಿ ಬರೆಯಿರಿ.

ಹೆಚ್ಚು ಅಂಕ ಕಳೆಯುವುದು ಈ ಬಗೆಯ ಲೆಕ್ಕ: 2 ಸೈನ್² ಥೀಟಾ = ಸೈನ್ ಥೀಟಾ. ಎರಡೂ ಕಡೆ ಸೈನ್ ಥೀಟಾದಿಂದ ಭಾಗಿಸಲು ಕೈ ತುರಿಸುತ್ತದೆ. ಭಾಗಿಸಿದಿರೋ, ಸೈನ್ ಥೀಟಾ ಸೊನ್ನೆಯಾಗುವ ಸಾಧ್ಯತೆ ಹೇಳಹೆಸರಿಲ್ಲದೆ ಅಳಿಸಿಹೋಯಿತು. ಎಲ್ಲವನ್ನೂ ಒಂದೇ ಕಡೆಗೆ ತಂದು ಅಪವರ್ತಿಸಿ: ಸೈನ್ ಥೀಟಾ (2 ಸೈನ್ ಥೀಟಾ − 1) = 0. ಮೊದಲ ಅಪವರ್ತನಕ್ಕೆ ಅಡ್ಡಗೆರೆ ಅಕ್ಷದ ಮೇಲೆಯೇ ಮಲಗುತ್ತದೆ: 0°, 180°. ಎರಡನೆಯದು ಆಗಲೇ ಬಿಡಿಸಿದ್ದು: 30°, 150°. ಒಟ್ಟು ನಾಲ್ಕು ಉತ್ತರ; ಭಾಗಿಸಿದವರ ಹಾಳೆಯಲ್ಲಿ ಎರಡೇ ಇರುತ್ತವೆ.