ಚಿಕ್ಕ ಮಕ್ಕಳ ಜೊತೆ ಯುರೋಪ್ ಸುತ್ತೋದು ಹೇಗೆ

ಮೊದಲ್ನೇ ಮಾತು, ಒಂದೇ ವಾರದಲ್ಲಿ ಐದು ದೇಶ ನೋಡೋ ಪ್ಲಾನ್ ಬಿಟ್ಬಿಡಿ, ಒಂದು ಊರಲ್ಲಿ ರೂಮ್ ಮಾಡ್ಕೊಂಡು ಅಲ್ಲಿಂದ ದಿನಾ ಟ್ರೈನಲ್ಲಿ ಒಂದು ಗಂಟೆ ಒಳಗಿನ ಜಾಗಕ್ಕೆ ಹೋಗ್ಬನ್ನಿ, ಮಕ್ಕಳಿಗೆ ರಾತ್ರಿ ಅದೇ ಹಾಸಿಗೆ ಸಿಕ್ಕಿದ್ರೆ ಹಠ ಅರ್ಧ ಕಡಿಮೆ.

ನನ್ ಪ್ರಕಾರ ಇದಕ್ಕೆ ಸ್ವಿಟ್ಜರ್ಲೆಂಡೇ ಬೆಸ್ಟ್. ಆರು ವರ್ಷದೊಳಗಿನ ಮಕ್ಕಳಿಗೆ ಟ್ರೈನ್ ಫ್ರೀ, ಅಪ್ಪ ಅಮ್ಮನ ಹತ್ರ ಸ್ವಿಸ್ ಟ್ರಾವೆಲ್ ಪಾಸ್ (ಟ್ರೈನ್, ಬಸ್, ಬೋಟ್ ಎಲ್ಲಕ್ಕೂ ನಡೆಯೋ ಟೂರಿಸ್ಟ್ ಪಾಸ್) ಇದ್ರೆ 6ರಿಂದ 15 ವರ್ಷದವರಿಗೂ ಅವರ ಜೊತೆ ಟಿಕೆಟ್ ಇಲ್ದೇ ಓಡಾಡೋ ಫ್ಯಾಮಿಲಿ ಕಾರ್ಡ್ ಫ್ರೀಯಾಗಿ ಸಿಗತ್ತೆ, ಆದ್ರೆ ಅದನ್ನ ಕೇಳಿ ತಗೋಬೇಕು. ಕೆಲವು ಡಬಲ್ ಡೆಕ್ಕರ್ ಇಂಟರ್‌ಸಿಟಿ ಟ್ರೈನಲ್ಲಿ ಮೇಲ್ಗಡೆ ಜಾರುಬಂಡೆ ಇರೋ ಫ್ಯಾಮಿಲಿ ಬೋಗಿನೇ ಇದೆ, ಹುಡುಕ್ಕೊಂಡು ಅದ್ರಲ್ಲೇ ಕೂತ್ಕೊಳಿ!

ಪ್ಯಾರಿಸ್ ಮೆಟ್ರೋದಲ್ಲಿ ಮೆಟ್ಟಿಲು ಜಾಸ್ತಿ, ಲಿಫ್ಟ್ ಕಮ್ಮಿ, ಹಗುರವಾದ ಮಡಚೋ ಸ್ಟ್ರೋಲರ್ ತಗೊಂಡೋಗಿ ಇಲ್ಲಾ ಬಸ್ ಹಿಡೀರಿ. ಅಲ್ಲಿನ ಲೂವ್ರ್ ಮ್ಯೂಸಿಯಂ ಮಂಗಳವಾರ ರಜ, ಮಿಕ್ಕ ದಿನ ಮಕ್ಕಳ ಜೊತೆ ಎರಡು ಗಂಟೆ ಸಾಕು, ಆಮೇಲೆ ಪಕ್ಕದ ಟ್ಯುಲರೀ ಪಾರ್ಕಲ್ಲಿ ಓಡಾಡಕ್ಕೆ ಬಿಡಿ.

ಜರ್ಮನೀಲಿ ಭಾನುವಾರ ಸೂಪರ್‌ಮಾರ್ಕೆಟ್ ಬಹುತೇಕ ಮುಚ್ಚಿರತ್ತೆ, ಹಾಲು ಡೈಪರ್ ಶನಿವಾರನೇ ತಂದಿಟ್ಕೊಳಿ, ತೀರಾ ಅರ್ಜೆಂಟ್ ಆದ್ರೆ ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿ ತೆಗ್ದಿರತ್ತೆ.